ನೆಟ್ ಹೋಯ್ತಾ? ಎಲ್ಲಿ ಹೋಯ್ತು ಅಂತ ಮೊದಲು ನೋಡಿ

ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನ ಅಂಜನಾಪುರದ ಮೇಲೆ ಗುಡುಗು ಮಳೆ ಒಂದು ಸುತ್ತು ಹೊಡೆಯಿತೆಂದರೆ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡು ಪ್ರಶ್ನೆಗಳು ಬೆನ್ನುಬೆನ್ನಿಗೆ ಬೀಳುತ್ತವೆ. 'ಕರೆಂಟ್ ನಿಮಗೂ ಹೋಗಿದೆಯಾ?' ಅಂತ ಒಂದು. 'ನೆಟ್ ನಿಮಗೂ ಹೋಗಿದೆಯಾ?' ಅಂತ ಇನ್ನೊಂದು. ಮೊದಲನೆಯದಕ್ಕೆ 1912ಕ್ಕೆ ಫೋನ್ ಮಾಡಿ ಬೆಸ್ಕಾಂಗೆ ಹೇಳಿದರೆ ಮುಗಿಯಿತು, ಕಾಯುವುದೊಂದೇ ಕೆಲಸ. ಎರಡನೆಯದು ಅಷ್ಟು ಸಲೀಸಲ್ಲ. 'ನನಗೂ ಇಲ್ಲ' ಎಂದು ಉತ್ತರಿಸಿದ ಐದು ಮನೆಗಳಲ್ಲಿ ಒಂದು ಕಡೆ ಕಂಬದ ಮೇಲಿನ ಫೈಬರ್ ತುಂಡಾಗಿರುತ್ತದೆ, ಇನ್ನೊಂದು ಕಡೆ ಅಡಾಪ್ಟರ್ ಸುಟ್ಟಿರುತ್ತದೆ, ಮತ್ತೊಂದು ಕಡೆ ಪ್ಲಾನ್ ನಿನ್ನೆಗೇ ಮುಗಿದಿರುತ್ತದೆ. ಎಲ್ಲರೂ ಮಾಡುವುದು ಮಾತ್ರ ಒಂದೇ. ರೂಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಬರದಿದ್ದರೆ ಇನ್ನೊಂದು ಸಲ ಮಾಡುತ್ತಾರೆ. ಆಗಲೂ ಬರದಿದ್ದರೆ ಹಿಂದಿರುವ ಸಣ್ಣ ತೂತಿಗೆ ಪಿನ್ನು ಚುಚ್ಚುತ್ತಾರೆ.

ಆ ಪಿನ್ನಿನ ವಿಷಯಕ್ಕೆ ಆಮೇಲೆ ಬರೋಣ. ಏನನ್ನೂ ಮುಟ್ಟುವ ಮೊದಲು ದಾರಿ ಎಲ್ಲಿ ಕಡಿದಿದೆ ಎಂದು ಕಂಡುಕೊಳ್ಳಬೇಕು. ನೆಟ್ ಬರುವ ದಾರಿಯಲ್ಲಿ ನಾಲ್ಕು ತುಂಡುಗಳಿವೆ. ಬೀದಿಯ ಕಂಬದಿಂದ ನಿಮ್ಮ ಮನೆಯ ಮೋಡೆಮ್‌ವರೆಗೆ ಒಂದು, ಮೋಡೆಮ್‌ನಿಂದ ರೂಟರ್‌ವರೆಗೆ ಎರಡು, ರೂಟರ್‌ನಿಂದ ನಿಮ್ಮ ಫೋನು ಅಥವಾ ಲ್ಯಾಪ್‌ಟಾಪ್‌ವರೆಗೆ ಮೂರು, ಕಂಪನಿಯಿಂದಾಚೆಗಿನ ಲೋಕ ನಾಲ್ಕು. ಯಾವ ತುಂಡು ಎಂದು ತಿಳಿದರೆ ಅರ್ಧ ಕೆಲಸ ಆದಂತೆ. ಮನೆಯೊಳಗಿನದಾದರೆ ನೀವೇ ಸರಿಮಾಡಬಹುದು. ಹೊರಗಿನದಾದರೆ ಸಂಜೆಯೆಲ್ಲ ರೂಟರ್ ಮುಂದೆ ಕೂರುವ ಬದಲು ಸರಿಯಾದ ಮಾತಿನಲ್ಲಿ ದೂರು ಕೊಡಬಹುದು.

ನಮ್ಮ ಬೀದಿಗೆ ನೆಟ್ ಬರುವ ಬಗೆ

ಜಯನಗರ, ಬನಶಂಕರಿಯ ಹಳೆಯ ಬಡಾವಣೆಗಳಿಗೆ ಇಂಟರ್ನೆಟ್ ಬಂದದ್ದು ಟೆಲಿಫೋನ್ ತಾಮ್ರದ ತಂತಿಯ ಬೆನ್ನೇರಿ. 2005ರಲ್ಲಿ ಬಿಎಸ್‌ಎನ್‌ಎಲ್ ಡೇಟಾವನ್ ಶುರು ಮಾಡಿದಾಗ 256 ಕೆಬಿಪಿಎಸ್ ಸಿಕ್ಕರೆ ಅದೇ ಬ್ರಾಡ್‌ಬ್ಯಾಂಡ್. ಸರ್ಕಾರದ ವ್ಯಾಖ್ಯೆಯೂ ಅಷ್ಟೇ ಇತ್ತು. (2023ರ ಜನವರಿಯಲ್ಲಿ ಆ ಕನಿಷ್ಠ ಮಟ್ಟವನ್ನು 2 ಎಂಬಿಪಿಎಸ್‌ಗೆ ಏರಿಸಿದರು.) ಅಂಜನಾಪುರದ್ದು ಬೇರೆ ಕಥೆ. ಬಿಡಿಎ ಸೈಟುಗಳಲ್ಲಿ ಮನೆಗಳು ಎದ್ದದ್ದು ತಡವಾಗಿ, ಬಿಡಿಬಿಡಿಯಾಗಿ. ಹಾಗಾಗಿ ಇಲ್ಲಿನ ಬಹುಪಾಲು ಮನೆಗಳು ಸೀದಾ ಫೈಬರ್‌ಗೇ ಬಂದವು. 2021ರ ಜನವರಿಯಲ್ಲಿ ಮೆಟ್ರೋ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ ಬಂದ ಮೇಲೆ ಮನೆಗಳೂ ಹೆಚ್ಚಿದವು, ಕಂಬಗಳ ಮೇಲೆ ಕೇಬಲ್ ಗಂಟುಗಳೂ ಹೆಚ್ಚಿದವು. ಇತ್ತ ನೀರಿನ ಕೊಳವೆ, ಒಳಚರಂಡಿ ಎಂದು ರಸ್ತೆಗಳನ್ನು ಅಗೆಯುವುದು, ಅತ್ತ ಕಂಬದ ಮೇಲಿನ ಅನಧಿಕೃತ ಕೇಬಲ್‌ಗಳನ್ನು ಬೆಸ್ಕಾಂನವರು ಕತ್ತರಿಸುವುದು. ಮಣ್ಣಿನಡಿ ಹೂತರೂ ಕಷ್ಟ, ಮೇಲೆ ಕಟ್ಟಿದರೂ ಕಷ್ಟ. ಇದರ ಮೇಲೆ ಅಳಿಲು, ಇಲಿಗಳ ಹಲ್ಲು ಬೇರೆ.

ನಿಮ್ಮ ಮನೆಗೆ ಬಂದಿರುವ ತಂತಿ ಎರಡರಲ್ಲಿ ಒಂದು. ಕಂಬದಿಂದ ತೆಳ್ಳಗಿನ ಕಪ್ಪು ಅಥವಾ ಬಿಳಿ ಎಳೆ ಬಂದು, ಕೊನೆಯಲ್ಲಿ ಹಸಿರು ಅಥವಾ ನೀಲಿ ತುದಿಯ ಹಳದಿ ದಾರದಂಥದ್ದು ಪುಟ್ಟ ಬಿಳಿ ಪೆಟ್ಟಿಗೆಗೆ ಚುಚ್ಚಿಕೊಂಡಿದ್ದರೆ ಅದು ಫೈಬರ್. ಒಂದು ಮುಖ್ಯ ಎಳೆಯಿಂದ ಸ್ಪ್ಲಿಟರ್ ಮೂಲಕ 32 ಅಥವಾ 64 ಮನೆಗಳಿಗೆ ಬೆಳಕು ಹಂಚಿಕೆಯಾಗುತ್ತದೆ, ಆ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ಇನ್ನೊಂದು ಬಗೆಯಲ್ಲಿ ಫೈಬರ್ ನಿಮ್ಮ ಬೀದಿಯ ಯಾರದೋ ತಾರಸಿಯ ಡಬ್ಬಿವರೆಗೆ ಬಂದು ನಿಂತಿರುತ್ತದೆ. ಅಲ್ಲಿನ ಸ್ವಿಚ್‌ನಿಂದ ನಿಮ್ಮ ಮನೆಗೆ ದಪ್ಪನೆಯ ಲ್ಯಾನ್ ಕೇಬಲ್ ಇಳಿದಿರುತ್ತದೆ. ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಎರಡನೆಯ ಬಗೆಯಲ್ಲಿ ಆ ಡಬ್ಬಿಗೆ ಕರೆಂಟ್ ಬೇಕು. ನಿಮ್ಮ ಮನೆಯಲ್ಲಿ ಇನ್‌ವರ್ಟರ್ ಓಡುತ್ತಿದ್ದರೂ ಹಿಂದಿನ ಬೀದಿಯಲ್ಲಿ ಕರೆಂಟ್ ಹೋದರೆ ನಿಮ್ಮ ನೆಟ್ ಹೋಗುತ್ತದೆ. 'ಯುಪಿಎಸ್ ಇದ್ದರೂ ಯಾಕೆ ಸಾರ್ ಹೀಗೆ?' ಎಂದು ತಲೆ ಕೆಡಿಸಿಕೊಳ್ಳುವವರಿಗೆ ಉತ್ತರ ಇದೇ. ಗುಡುಗು ಮಿಂಚಿನಲ್ಲಿ ಆ ತಾಮ್ರದ ಕೇಬಲ್ ಹಿಡಿದು ಬರುವ ವಿದ್ಯುತ್ ರೂಟರ್‌ನ ಪೋರ್ಟ್ ಸುಡುವುದೂ ಈ ಬಗೆಯ ಸಂಪರ್ಕದಲ್ಲೇ. ಗುಡುಗು ಮಳೆ ಶುರುವಾಗುವ ಮೊದಲೇ ಆ ಕೇಬಲ್ ಕಿತ್ತಿಡಿ. ಫೈಬರ್ ಗಾಜಿನ ಎಳೆ, ಅದರಲ್ಲಿ ಮಿಂಚು ಹರಿಯುವುದಿಲ್ಲ. ಆದರೆ ಅಡಾಪ್ಟರ್ ಮೂಲಕ ಬರಬಹುದು, ಅದನ್ನೂ ತೆಗೆದಿಡುವುದು ಕ್ಷೇಮ.

ದೀಪ ನೋಡಿ ಮಾತಾಡಿ

ಫೈಬರ್ ಮೋಡೆಮ್ ಮೇಲೆ ಮುಖ್ಯವಾಗಿ ಮೂರು ದೀಪಗಳನ್ನು ನೋಡಬೇಕು: ಪಾನ್, ಲಾಸ್, ಇಂಟರ್ನೆಟ್. ಲಾಸ್ ಎನ್ನುವ ದೀಪ ಕೆಂಪಗೆ ಮಿನುಗುತ್ತಿದ್ದರೆ ಕಂಬದ ಕಡೆಯಿಂದ ಬೆಳಕೇ ಬರುತ್ತಿಲ್ಲ ಎಂದರ್ಥ. ಆಗ ರೂಟರ್ ಅನ್ನು ನೂರು ಸಲ ಆಫ್ ಆನ್ ಮಾಡಿದರೂ ಪ್ರಯೋಜನವಿಲ್ಲ. ಪಕ್ಕದ ಮನೆಯಲ್ಲಿ ಅದೇ ಕಂಪನಿಯ ನೆಟ್ ಇದ್ದರೆ ಕೇಳಿ. ಅವರಿಗೂ ಇಲ್ಲ ಅಂದರೆ ಮುಖ್ಯ ಎಳೆ ತುಂಡಾಗಿದೆ, ಸ್ಪ್ಲೈಸಿಂಗ್ (ಎಳೆಯ ಬೆಸುಗೆ) ಆಗುವವರೆಗೆ ಕಾಯಬೇಕು. ಅವರಿಗಿದ್ದು ನಿಮಗೆ ಮಾತ್ರ ಇಲ್ಲದಿದ್ದರೆ ಕಂಬದಿಂದ ನಿಮ್ಮ ಮನೆಗೆ ಬಂದ ಎಳೆಯದ್ದೋ ಮನೆಯೊಳಗಿನ ಹಳದಿ ಪ್ಯಾಚ್ ಕಾರ್ಡಿನದ್ದೋ ದೋಷ.

ಈ ಹಳದಿ ಎಳೆಯನ್ನು ಒಂದು ಸಲ ಕಣ್ಣಿಟ್ಟು ನೋಡಿ. ನೆಟ್ ಹುಡುಗರ ಜೇಬಿನಲ್ಲಿ ಕೆಂಪು ಬೆಳಕಿನ ಪೆನ್ನೊಂದು ಇರುತ್ತದೆ. ಅದನ್ನು ಎಳೆಯ ತುದಿಗೆ ಸಿಕ್ಕಿಸಿದರೆ ಬೆಳಕು ಒಳಗೇ ಸಾಗಿ ಇನ್ನೊಂದು ತುದಿಯಲ್ಲಿ ಕಾಣಬೇಕು. ಬದಲಿಗೆ ಟಿವಿ ಶೋಕೇಸಿನ ಹಿಂದೆ, ಬೀರುವಿನ ಮೂಲೆಗೆ ಒತ್ತಿಕೊಂಡು ಎಳೆ ಮಡಚಿರುವ ಜಾಗದಲ್ಲಿ ಹಳದಿ ಕವಚದೊಳಗಿಂದ ಕೆಂಪು ಸೋರುತ್ತಿರುತ್ತದೆ. ದೋಷ ಅಲ್ಲೇ. ಮನೆ ಗುಡಿಸುವಾಗ, ಹಬ್ಬಕ್ಕೆ ಧೂಳು ಹೊಡೆಯುವಾಗ ಸೋಫಾ ಸರಿಸಿದ ಮರುದಿನ ನೆಟ್ ಹೋಗಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಎಳೆಯನ್ನು ನೇರ ಮಾಡಿ, ದೊಡ್ಡ ಸುತ್ತಾಗಿ ಬಿಡಿ, ಮೋಡೆಮ್‌ಗೆ ಚುಚ್ಚಿದ ತುದಿ ಸಡಿಲವಾಗಿದ್ದರೆ 'ಟಕ್' ಅನ್ನುವಂತೆ ಒತ್ತಿ. ತುದಿಯನ್ನು ಅಂಗಿಯ ಚುಂಗಿನಿಂದ ಒರೆಸಬೇಡಿ. ಕಣ್ಣಿಗೆ ಕಾಣದ ಧೂಳಿನ ಕಣವೂ ಬೆಳಕಿಗೆ ಅಡ್ಡ. ಕಣ್ಣಿಗೆ ಹಿಡಿದು ನೋಡುವುದಂತೂ ಬೇಡವೇ ಬೇಡ. ಒಳಗೆ ಬರುವುದು ಲೇಸರ್, ಅದೂ ಕಣ್ಣಿಗೆ ಕಾಣದ ಅತಿಗೆಂಪು.

ಪಾನ್ ಹಸಿರು ದೀಪ ಸ್ಥಿರವಾಗಿರದೆ ಮಿನುಗುತ್ತಿದ್ದರೆ ಬೆಳಕು ಬರುತ್ತಿದೆ, ಆದರೆ ಕಂಪನಿಯ ಯಂತ್ರ ನಿಮ್ಮ ಮೋಡೆಮ್ಮನ್ನು ಒಪ್ಪಿಕೊಳ್ಳುತ್ತಿಲ್ಲ. ಇದೂ ಅವರ ಕೆಲಸವೇ. ಮಳೆ ಬಂದಾಗ ಮಾತ್ರ ನೆಟ್ ಹೋಗಿ ಬಿಸಿಲಿಗೆ ಬರುವ ಮನೆಯವರು ಮೋಡೆಮ್‌ನ ಪುಟದಲ್ಲಿ ಆಪ್ಟಿಕಲ್ ಪವರ್ ಎಂಬ ಅಂಕಿ ನೋಡಿಟ್ಟುಕೊಳ್ಳಿ. ಮೈನಸ್ 15ರಿಂದ ಮೈನಸ್ 25 ಡಿಬಿಎಂ ನಡುವೆ ಇದ್ದರೆ ಚೆನ್ನಾಗಿದೆ. ಮೈನಸ್ 27ರ ಕೆಳಗೆ ಇಳಿದರೆ ಎಲ್ಲೋ ಜೋಡಣೆ ಹಾಳಾಗಿದೆ, ನೀರು ಸೇರುತ್ತಿದೆ. 'ಸಾರ್, ಪವರ್ ಮೈನಸ್ 28 ತೋರಿಸ್ತಾ ಇದೆ' ಎಂದು ಹೇಳಿದರೆ ಬಂದ ಹುಡುಗ ನೇರವಾಗಿ ಕಂಬ ಹತ್ತುತ್ತಾನೆ. 'ನೆಟ್ ಸ್ಲೋ' ಅಂದರೆ ನಿಮ್ಮ ಫೋನ್ ಇಸ್ಕೊಂಡು ಸ್ಪೀಡ್ ಟೆಸ್ಟ್ ಮಾಡಿ ಹೋಗುತ್ತಾನೆ.

ಪಾನ್ ಸರಿಯಿದ್ದು ಇಂಟರ್ನೆಟ್ ದೀಪ ಕೆಂಪಾಗಿದ್ದರೆ ಅಥವಾ ಹತ್ತದೇ ಇದ್ದರೆ ತಂತಿಯ ದೋಷವಲ್ಲ, ಲಾಗಿನ್ ದೋಷ. ಹಲವು ಕಂಪನಿಗಳು ಪಿಪಿಪಿಒಇ ಎಂಬ ಪದ್ಧತಿಯಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿ ಒಳಬಿಡುತ್ತವೆ. ಬಿಲ್ ಬಾಕಿ ಇದೆಯಾ, ಪ್ಲಾನ್ ಮುಗಿದಿದೆಯಾ ಎಂದು ಮೊಬೈಲ್ ಡೇಟಾದಲ್ಲಿ ಕಂಪನಿಯ ಆ್ಯಪ್ ತೆರೆದು ನೋಡಿ. ನಗಬೇಡಿ, ಬಾಡಿಗೆ ಮನೆಗಳಲ್ಲಿ 'ಬಿಲ್ ನೀನು ಕಟ್ಟಿದ್ದೀಯ ಅಂದ್ಕೊಂಡಿದ್ದೆ' ಎಂಬ ಸಂಭಾಷಣೆ ಅಪರೂಪವಲ್ಲ.

ಈಗ ಆ ಪಿನ್ನಿನ ವಿಷಯ. ಸ್ವಿಚ್ ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಹಾಕುವುದರಿಂದ ಯಾವ ನಷ್ಟವೂ ಇಲ್ಲ. ಮೊದಲು ಮೋಡೆಮ್ ಹಾಕಿ, ಪಾನ್ ದೀಪ ಸ್ಥಿರವಾದ ಮೇಲೆ ರೂಟರ್ ಹಾಕಿ, ಅಷ್ಟೇ ಕ್ರಮ. ಆದರೆ ತೂತಿಗೆ ಪಿನ್ನು ಚುಚ್ಚಿ ಹತ್ತು ಸೆಕೆಂಡ್ ಒತ್ತಿದರೆ ಲಾಗಿನ್ ಹೆಸರು, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಎಲ್ಲ ಅಳಿಸಿ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತದೆ. ಅರ್ಧ ಗಂಟೆಯಲ್ಲಿ ತಾನಾಗಿ ಬರುತ್ತಿದ್ದ ನೆಟ್, ಆಮೇಲೆ ಆಳು ಬಂದು ಸೆಟ್ ಮಾಡುವವರೆಗೆ ಬರುವುದಿಲ್ಲ. ಚುಚ್ಚಲೇಬೇಕು ಅನಿಸಿದರೆ ಸೆಟ್ಟಿಂಗ್ ಪುಟಗಳ ಮತ್ತು ರೂಟರ್ ತಳದಲ್ಲಿರುವ ಸ್ಟಿಕ್ಕರಿನ ಫೋಟೋ ತೆಗೆದಿಟ್ಟುಕೊಂಡು ಚುಚ್ಚಿ. ದಿನವೂ ರೂಟರ್ ಆಫ್ ಆನ್ ಮಾಡಬೇಕಾಗಿ ಬಂದರೆ ಅದು ಬೇರೆ ರೋಗ: ಸೆಟ್‌ಟಾಪ್ ಬಾಕ್ಸ್ ಮೇಲೆ ಕೂರಿಸಿ ಬಿಸಿಯಾಗಿರಬಹುದು, ಅಥವಾ ಅಡಾಪ್ಟರ್ ದುರ್ಬಲವಾಗಿರಬಹುದು. ಅಡಾಪ್ಟರ್ ಬದಲಾಯಿಸುವಾಗ ವೋಲ್ಟ್ ಅದೇ ಇರಬೇಕು (ಸಾಮಾನ್ಯವಾಗಿ 12), ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು. ಕರೆಂಟ್ ಹೋಗಿ ಬರುವ ನಮ್ಮ ಕಡೆಗೆ 12 ವೋಲ್ಟಿನ ಪುಟ್ಟ ರೂಟರ್ ಯುಪಿಎಸ್ ಒಳ್ಳೆಯದೇ; ಮೋಡೆಮ್, ರೂಟರ್ ಎರಡಿದ್ದರೆ ಎರಡಕ್ಕೂ ಬೇಕು.

ಒಂದು ಮನೆ, ಎರಡು ರೂಟರ್

ಕಂಪನಿ ಕೊಟ್ಟ ಮೋಡೆಮ್‌ನಲ್ಲೇ ವೈಫೈ ಇರುತ್ತದೆ. ಮಹಡಿಗೆ ಸಿಗ್ನಲ್ ಸಾಲದು ಎಂದು ಎಸ್.ಪಿ. ರೋಡಿನಿಂದಲೋ ಆನ್‌ಲೈನ್‌ನಲ್ಲೋ ಇನ್ನೊಂದು ರೂಟರ್ ತಂದು ಜೋಡಿಸುತ್ತೇವೆ. ಅಂದಿನಿಂದ ವಿಚಿತ್ರ ತೊಂದರೆ ಶುರು. ಅಪ್ಪನ ಫೋನಿಗೆ ನೆಟ್ ಬರುತ್ತದೆ, ಮಗಳ ಲ್ಯಾಪ್‌ಟಾಪಿಗೆ ಇಲ್ಲ. ಅರ್ಧ ಗಂಟೆ ಬಿಟ್ಟು ಅದಲು ಬದಲು. ಕಾರಣ ಇಷ್ಟೇ. ಮನೆಯ ಪ್ರತಿ ಸಾಧನಕ್ಕೂ ಐಪಿ ವಿಳಾಸ ಹಂಚುವುದು ಡಿಎಚ್‌ಸಿಪಿ ಎಂಬ ವ್ಯವಸ್ಥೆ. ಒಂದು ಮನೆಗೆ ಒಬ್ಬರೇ ಹಂಚಬೇಕು. ಎರಡನೆಯ ರೂಟರ್ ಅನ್ನು ಲ್ಯಾನ್ ಪೋರ್ಟಿಗೆ ಚುಚ್ಚಿ ಅದರ ಡಿಎಚ್‌ಸಿಪಿ ನಿಲ್ಲಿಸದಿದ್ದರೆ ಇಬ್ಬರೂ ಹಂಚುತ್ತಾರೆ. ಎರಡನೆಯದರಿಂದ ವಿಳಾಸ ಪಡೆದವರಿಗೆ ಹೊರಗಿನ ದಾರಿ ಸಿಗುವುದಿಲ್ಲ.

ಪರಿಹಾರಕ್ಕೆ ಎರಡು ದಾರಿ. ಎರಡನೆಯ ರೂಟರ್‌ನ ಸೆಟ್ಟಿಂಗಿನಲ್ಲಿ 'ಆ್ಯಕ್ಸೆಸ್ ಪಾಯಿಂಟ್ ಮೋಡ್' ಇದ್ದರೆ ಅದನ್ನೇ ಆರಿಸಿ. ಹಂಚುವ ಕೆಲಸ ಮೋಡೆಮ್‌ಗೆ ಬಿಟ್ಟುಬಿಡುತ್ತದೆ. ಅದಿಲ್ಲದಿದ್ದರೆ ಮೋಡೆಮ್‌ನಿಂದ ಬಂದ ಕೇಬಲ್ ಅನ್ನು ರೂಟರ್‌ನ ವ್ಯಾನ್ ಪೋರ್ಟಿಗೇ ಹಾಕಿ, ಅದು ಬೇರೆ ಬಣ್ಣದ್ದು. ಆಗ ಇನ್ನೊಂದು ತಾಪತ್ರಯ ಎದುರಾಗಬಹುದು: ಎರಡೂ ಯಂತ್ರಗಳ ವಿಳಾಸ 192.168.1.1 ಆಗಿದ್ದರೆ ಡಿಕ್ಕಿಯಾಗುತ್ತದೆ. ರೂಟರ್‌ನದನ್ನು 192.168.50.1 ಎಂದು ಬದಲಾಯಿಸಿದರೆ ಮುಗಿಯಿತು.

ಫೋನು 'ಐಪಿ ಅಡ್ರೆಸ್ ಪಡೆಯುತ್ತಿದೆ' ಎಂಬಲ್ಲೇ ನಿಂತಿದ್ದರೆ, ಅಥವಾ ಲ್ಯಾಪ್‌ಟಾಪಿನ ವಿಳಾಸ 169.254 ಎಂದು ಶುರುವಾಗಿದ್ದರೆ ಅದಕ್ಕೆ ವಿಳಾಸ ಸಿಕ್ಕೇ ಇಲ್ಲ ಎಂದರ್ಥ. ಕೆಳಗೆ ಮಾಲೀಕರು, ಮೇಲೆರಡು ಮನೆ ಬಾಡಿಗೆ, ಎಲ್ಲರಿಗೂ ಒಂದೇ ವೈಫೈ ಎಂಬ ಏರ್ಪಾಡಿನಲ್ಲಿ ಇದು ಸಾಮಾನ್ಯ. ಕೆಲವು ಮೋಡೆಮ್‌ಗಳು 32ಕ್ಕಿಂತ ಹೆಚ್ಚು ಸಾಧನಗಳನ್ನು ಸೇರಿಸಿಕೊಳ್ಳುವುದಿಲ್ಲ. ಬಲ್ಬು, ಕ್ಯಾಮೆರಾ, ಟಿವಿ, ವಾಚುಗಳನ್ನು ಎಣಿಸಿದರೆ ಮೂರು ಸಂಸಾರಕ್ಕೆ 32 ಯಾವ ಮೂಲೆಗೆ?

ನಿಧಾನ ಎಂಬ ದೂರು

'ನಾನು 300ರ ಪ್ಲಾನ್ ಹಾಕಿಸಿದ್ದೇನೆ, ರೂಮಿನಲ್ಲಿ 40 ಬರುತ್ತಿದೆ, ಮೋಸ.' ಮೋಸ ಇರಬಹುದು, ಆದರೆ ಬಹುತೇಕ ಸಲ ಇರುವುದು ಗೋಡೆ. ಪರೀಕ್ಷೆ ಸುಲಭ. ಲ್ಯಾಪ್‌ಟಾಪ್ ಅನ್ನು ಲ್ಯಾನ್ ಕೇಬಲ್‌ನಿಂದ ಮೋಡೆಮ್‌ಗೇ ಜೋಡಿಸಿ ಸ್ಪೀಡ್ ಟೆಸ್ಟ್ ಮಾಡಿ. ಅಲ್ಲಿ 300ರ ಹತ್ತಿರ ಬಂದರೆ ಕಂಪನಿ ತನ್ನ ಮಾತು ನಡೆಸಿದೆ, ತೊಂದರೆ ವೈಫೈಯದು. ಕೇಬಲ್‌ನಲ್ಲಿ ಸರಿಯಾಗಿ 94 ಅಥವಾ 95ಕ್ಕೆ ಬಂದು ನಿಂತರೆ ಕೇಬಲ್ಲನ್ನೇ ಅನುಮಾನಿಸಿ. ಲ್ಯಾನ್ ಕೇಬಲ್‌ನೊಳಗಿನ ಎಂಟು ತಂತಿಗಳಲ್ಲಿ ನಾಲ್ಕೇ ಕೆಲಸ ಮಾಡುತ್ತಿದ್ದರೆ ವೇಗ 100ಕ್ಕೆ ಕಟ್ಟಾಗುತ್ತದೆ. ತುದಿಯ ಕ್ಲಿಪ್ ಹೊಸದಾಗಿ ಹಾಕಿಸಿದರೆ ಅಥವಾ ಕ್ಯಾಟ್ 6 ಕೇಬಲ್ ತಂದರೆ ಸರಿ. ಇನ್ನೂ ಒಂದು ಲೆಕ್ಕ: ಪ್ಲಾನಿನ 100 ಎಂಬಿಪಿಎಸ್ ಅಂದರೆ ಡೌನ್‌ಲೋಡ್ ಪಟ್ಟಿಯಲ್ಲಿ ಸೆಕೆಂಡಿಗೆ ಹನ್ನೆರಡೂವರೆ ಎಂಬಿ. ಎಂಟರಿಂದ ಭಾಗಿಸಿ ನೋಡಿ, ಜಗಳ ಕಡಿಮೆಯಾಗುತ್ತದೆ.

ನಮ್ಮ 30×40 ಸೈಟಿನ ಮನೆಗಳು ಸಾಲಿಡ್ ಬ್ಲಾಕ್ ಗೋಡೆ, ಕಬ್ಬಿಣ ತುಂಬಿದ ಆರ್‌ಸಿಸಿ ಸ್ಲ್ಯಾಬು. 5 ಗಿಗಾಹರ್ಟ್ಸ್ ವೈಫೈ ವೇಗದ್ದು, ಆದರೆ ಇಂಥ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. 2.4 ದೂರ ಹೋಗುತ್ತದೆ, ಆದರೆ ನಿಧಾನ, ಜೊತೆಗೆ ಅಕ್ಕಪಕ್ಕದ ಹತ್ತು ಮನೆಯವರೂ ಅದರಲ್ಲೇ ಇದ್ದಾರೆ. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ವೈಫೈ ಅನಲೈಸರ್ ಆ್ಯಪ್‌ನಲ್ಲಿ ನೋಡಿ ಜನ ಕಡಿಮೆ ಇರುವುದನ್ನು ಆರಿಸಿ. ಮೈಕ್ರೋವೇವ್ ಒಲೆ ಓಡುವಾಗ ಅಡುಗೆಮನೆಯ ಪಕ್ಕದಲ್ಲಿ ವಿಡಿಯೊ ನಿಲ್ಲುವುದೂ ಇದೇ ತರಂಗದ ಕಾರಣಕ್ಕೆ. ರೂಟರ್ ಅನ್ನು ಗಾಡ್ರೇಜ್ ಬೀರುವಿನ ಮೇಲೆ, ಟಿವಿಯ ಹಿಂದೆ, ಮೀನಿನ ತೊಟ್ಟಿಯ ಪಕ್ಕ ಇಡಬೇಡಿ. ಮನೆಯ ನಡುವಿನಲ್ಲಿ, ಎದೆಮಟ್ಟಕ್ಕಿಂತ ಮೇಲೆ, ತೆರೆದ ಜಾಗದಲ್ಲಿಡಿ. ಕೇಬಲ್ ಬಂದ ಕಿಟಕಿಯ ಪಕ್ಕವೇ ಇರಲಿ ಎಂಬುದು ಅಳವಡಿಸಲು ಬಂದವನ ಅನುಕೂಲ, ನಿಮ್ಮದಲ್ಲ.

ಅಗ್ಗದ ರಿಪೀಟರ್‌ಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಕೇಳಿದ್ದನ್ನೇ ಅದೇ ತರಂಗದಲ್ಲಿ ಮತ್ತೆ ಹೇಳುವುದರಿಂದ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಮಹಡಿಗೆ ಒಂದು ಕೇಬಲ್ ಎಳೆದು ಅಲ್ಲೊಂದು ಆ್ಯಕ್ಸೆಸ್ ಪಾಯಿಂಟ್ ಇಡುವುದು ಹೆಚ್ಚು ಗಟ್ಟಿ. ಸ್ಮಾರ್ಟ್ ಬಲ್ಬು, ಅಗ್ಗದ ಕ್ಯಾಮೆರಾ ಜೋಡಣೆಯಾಗುತ್ತಿಲ್ಲ ಅಂದರೆ ಅವು 2.4 ಮಾತ್ರ ಬಲ್ಲವು. ಎರಡೂ ತರಂಗಕ್ಕೆ ಒಂದೇ ಹೆಸರಿದ್ದರೆ ಜೋಡಿಸುವ ಹೊತ್ತಿಗೆ 5 ಅನ್ನು ಆಫ್ ಮಾಡಿಡಿ.

ವೈಫೈ ಇದೆ, ನೆಟ್ ಇಲ್ಲ

ಎಲ್ಲ ದೀಪ ಹಸಿರು, ವೈಫೈ ಪೂರ್ತಿ ಕಡ್ಡಿ, ಆದರೂ ಪುಟ ತೆರೆಯುತ್ತಿಲ್ಲ. ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ಪಿಂಗ್' ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿ, ಒಂದು ಜಾಗ ಬಿಟ್ಟು 192.168.1.1 (ಅಥವಾ ನಿಮ್ಮ ರೂಟರ್ ತಳದ ಸ್ಟಿಕ್ಕರಿನಲ್ಲಿರುವ ವಿಳಾಸ) ಹಾಕಿ. ಉತ್ತರ ಬಂದರೆ ರೂಟರ್‌ವರೆಗೆ ದಾರಿ ಚೆನ್ನಾಗಿದೆ. ಆಮೇಲೆ 8.8.8.8 ಹಾಕಿ. ಅದಕ್ಕೂ ಉತ್ತರ ಬಂದರೆ ಹೊರಲೋಕದವರೆಗೆ ದಾರಿ ಇದೆ. ಕೊನೆಗೆ ಯಾವುದಾದರೂ ಜಾಲತಾಣದ ಹೆಸರು ಹಾಕಿ. ಅಂಕಿಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ಕೆಟ್ಟಿರುವುದು ಡಿಎನ್‌ಎಸ್, ಅಂದರೆ ಹೆಸರನ್ನು ವಿಳಾಸವಾಗಿಸುವ ಡೈರೆಕ್ಟರಿ. ರೂಟರ್‌ನಲ್ಲಿ ಕಂಪನಿಯ ಡಿಎನ್‌ಎಸ್ ತೆಗೆದು 8.8.8.8 ಮತ್ತು 1.1.1.1 ಹಾಕಿದರೆ ಬಹಳಷ್ಟು ಸಲ ತಕ್ಷಣ ಸರಿಹೋಗುತ್ತದೆ. ಒಂದೇ ಆಂಡ್ರಾಯ್ಡ್ ಫೋನಿಗೆ ಮಾತ್ರ ಈ ತೊಂದರೆಯಿದ್ದರೆ ಸೆಟ್ಟಿಂಗಿನಲ್ಲಿ 'ಪ್ರೈವೇಟ್ ಡಿಎನ್‌ಎಸ್' ನೋಡಿ. ಜಾಹೀರಾತು ತಡೆಯಲೆಂದು ಯಾರೋ ಹಾಕಿದ ಸರ್ವರ್ ನಿಂತುಹೋಗಿರಬಹುದು. 'ಆಟೊಮ್ಯಾಟಿಕ್' ಮಾಡಿದರೆ ಆಯಿತು. ಹಳೆಯ ಕಂಪ್ಯೂಟರಿನಲ್ಲಿ ಎಲ್ಲ ಜಾಲತಾಣಗಳೂ 'ಸುರಕ್ಷಿತವಲ್ಲ' ಎಂದರೆ ಮೂಲೆಯ ದಿನಾಂಕ ನೋಡಿ. ಮದರ್‌ಬೋರ್ಡಿನ ಬ್ಯಾಟರಿ ಸತ್ತು ಅದು ಹತ್ತು ವರ್ಷ ಹಿಂದೆ ಹೋಗಿರುತ್ತದೆ.

ಮನೆಯಿಂದ ಕೆಲಸ ಮಾಡುವವರ ಕಾಟ ಇನ್ನೊಂದು ಬಗೆಯದು: ಎಲ್ಲ ತೆರೆಯುತ್ತದೆ, ಆಫೀಸಿನ ವಿಪಿಎನ್ ಸೇರಿದೊಡನೆ ಅರ್ಧ ಪುಟಗಳು ಸುತ್ತುತ್ತಾ ನಿಲ್ಲುತ್ತವೆ. ಪಿಪಿಪಿಒಇ ಸಂಪರ್ಕದಲ್ಲಿ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ 1500 ಅಲ್ಲ, 1492. ಮೇಲೆ ವಿಪಿಎನ್ ತನ್ನ ಹೊದಿಕೆ ಸೇರಿಸುತ್ತದೆ. ಎಂಟಿಯು ಎಂಬ ಅಂಕಿಯನ್ನು 1400ಕ್ಕೆ ಇಳಿಸಿ ನೋಡಿ, ಅಥವಾ ಆಫೀಸಿನ ಐಟಿ ವಿಭಾಗಕ್ಕೆ ಈ ಒಂದು ಪದ ಹೇಳಿ, ಅವರಿಗೆ ಗೊತ್ತಾಗುತ್ತದೆ.

ಫೈರ್‌ವಾಲ್‌ನ ಮೇಲಿನ ಅಪವಾದ

ಯಾವುದೂ ತೋಚದಿದ್ದಾಗ 'ಫೈರ್‌ವಾಲ್ ಬ್ಲಾಕ್ ಮಾಡ್ತಾ ಇದೆ' ಅನ್ನುವುದು ರೂಢಿ. ಮನೆಯ ರೂಟರ್‌ನ ಫೈರ್‌ವಾಲ್ ಮುಖ್ಯವಾಗಿ ತಡೆಯುವುದು ಕೇಳದೇ ಹೊರಗಿನಿಂದ ಬರುವವರನ್ನು. ನೀವು ಒಳಗಿಂದ ತೆರೆದ ಪುಟದ ಉತ್ತರವನ್ನು ಅದು ತಡೆಯುವುದಿಲ್ಲ. ಹಾಗಾಗಿ 'ಯೂಟ್ಯೂಬ್ ಬರ್ತಿಲ್ಲ' ಎಂಬುದಕ್ಕೆ ಫೈರ್‌ವಾಲ್ ಕಾರಣವಾಗುವುದು ಕಡಿಮೆ. ಯಾರಾದರೂ ಸೆಕ್ಯೂರಿಟಿಯನ್ನು 'ಹೈ' ಎಂದು ಏರಿಸಿದ್ದರೆ, ಪೇರೆಂಟಲ್ ಕಂಟ್ರೋಲ್‌ನಲ್ಲಿ ಮಕ್ಕಳ ಪರೀಕ್ಷೆಯ ಹೊತ್ತಿಗೆ ಸಮಯ ಕಟ್ಟಿ ಮರೆತಿದ್ದರೆ, ಮ್ಯಾಕ್ ಫಿಲ್ಟರ್‌ನಲ್ಲಿ ಹಳೆಯ ಫೋನಿಗೆ ಮಾತ್ರ ಅನುಮತಿ ಕೊಟ್ಟಿದ್ದರೆ ಆಗ ನಿಜಕ್ಕೂ ತಡೆಯುತ್ತದೆ. ರಾತ್ರಿ ಸರಿಯಾಗಿ ಹತ್ತಕ್ಕೇ ನೆಟ್ ನಿಲ್ಲುತ್ತದೆ ಎಂದರೆ ಕಂಬ ಹತ್ತಿಸುವ ಮೊದಲು ಆ ಪುಟ ನೋಡಿ. ಕಂಪ್ಯೂಟರಿನಲ್ಲಿ ಹಣ ಕೊಟ್ಟು ಹಾಕಿದ ಆ್ಯಂಟಿವೈರಸ್‌ಗೂ ಅದರದೇ ಫೈರ್‌ವಾಲ್ ಇರುತ್ತದೆ, ಅವಧಿ ಮುಗಿದ ಮೇಲೆ ತಿಕ್ಕಲಾಡುತ್ತದೆ. ಅನುಮಾನ ಪರಿಹಾರಕ್ಕೆ ಎರಡು ನಿಮಿಷ ನಿಲ್ಲಿಸಿ ನೋಡಬಹುದು. ನಿಲ್ಲಿಸಿಯೇ ಬಿಡುವುದು ಮಾತ್ರ ಬೇಡ.

ಅಂಜನಾಪುರದಲ್ಲಿ ಕೇಳಿಬರುವ ಇನ್ನೊಂದು ದೂರು ಕ್ಯಾಮೆರಾದ್ದು. ಕಟ್ಟುತ್ತಿರುವ ಮನೆಗೆ, ಖಾಲಿ ಬಿಟ್ಟು ಹೋದ ಮನೆಗೆ ಸಿಸಿಟಿವಿ ಹಾಕಿಸಿ, ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿದರೂ ಊರಿಂದ ನೋಡಲಾಗುವುದಿಲ್ಲ. ರೂಟರ್‌ನ ವ್ಯಾನ್ ವಿಳಾಸ ನೋಡಿ. ಅದು 10ರಿಂದ ಶುರುವಾಗಿದ್ದರೆ, ಅಥವಾ 100.64ರಿಂದ 100.127ರವರೆಗಿನ ಸಾಲಿನಲ್ಲಿದ್ದರೆ, ನೀವು ಕಂಪನಿಯ ಹಂಚಿಕೆಯ ವಿಳಾಸದ ಹಿಂದಿದ್ದೀರಿ. ಐಪಿವಿ4 ವಿಳಾಸಗಳು ಸಾಲದೆ ನೂರಾರು ಮನೆಗಳಿಗೆ ಒಂದೇ ಹೊರವಿಳಾಸ ಕೊಡುವ ಪದ್ಧತಿ ಅದು, 100.64ರ ಸಾಲನ್ನು 2012ರಲ್ಲಿ ಅದಕ್ಕೆಂದೇ ಮೀಸಲಿಟ್ಟರು. ನಿಮ್ಮ ಬಾಗಿಲು ತೆರೆದಿಟ್ಟರೂ ಗೇಟು ಅವರ ಕೈಯಲ್ಲಿದೆ. ಹೆಚ್ಚುವರಿ ಹಣ ಕೊಟ್ಟು ಸ್ಟ್ಯಾಟಿಕ್ ಐಪಿ ಪಡೆಯಿರಿ, ಇಲ್ಲವೇ ಕ್ಯಾಮೆರಾ ಕಂಪನಿಯ ಕ್ಲೌಡ್ ಆ್ಯಪ್ ಬಳಸಿ.

ಕ್ಯಾಮೆರಾ, ರೂಟರ್ ಎರಡಕ್ಕೂ ಅಡ್ಮಿನ್ ಪಾಸ್‌ವರ್ಡ್ 'ಅಡ್ಮಿನ್' ಎಂದೇ ಬಿಡಬೇಡಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಹೀಗೆ ಕಾರ್ಖಾನೆಯ ಪಾಸ್‌ವರ್ಡ್ ಉಳಿಸಿಕೊಂಡಿದ್ದ ಕ್ಯಾಮೆರಾ, ರೂಟರ್‌ಗಳನ್ನೇ ಸೈನ್ಯ ಮಾಡಿಕೊಂಡು ಅಕ್ಟೋಬರ್ 21ರಂದು ಡೈನ್ ಎಂಬ ಡಿಎನ್‌ಎಸ್ ಕಂಪನಿಯ ಮೇಲೆ ಮುಗಿಬಿದ್ದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳನ್ನು ಗಂಟೆಗಟ್ಟಲೆ ಮಲಗಿಸಿತ್ತು. ರಿಮೋಟ್ ಮ್ಯಾನೇಜ್‌ಮೆಂಟ್, ಡಬ್ಲ್ಯುಪಿಎಸ್ ಎರಡನ್ನೂ ಆಫ್ ಮಾಡಿ. ವೈಫೈ ಭದ್ರತೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ.

ದೂರು ಕೊಡುವಾಗ

'ಸಾರ್, ರೂಟರ್ ರೀಸ್ಟಾರ್ಟ್ ಮಾಡಿದ್ರಾ?'
'ಮಾಡ್ದೆ ಕಣಪ್ಪ, ಲಾಸ್ ದೀಪ ಕೆಂಪಗಿದೆ, ಸಂಜೆ ಏಳು ಗಂಟೆಯಿಂದ. ಪಕ್ಕದ ಮನೇಲಿ ನಿಮ್ಮದೇ ನೆಟ್ ಓಡ್ತಾ ಇದೆ.'

ಇಷ್ಟು ಹೇಳಿದರೆ ಕೇಳುವವನ ಮುಂದಿನ ಆರು ಪ್ರಶ್ನೆಗಳು ತಪ್ಪುತ್ತವೆ. ದೂರಿನ ಡಾಕೆಟ್ ನಂಬರ್ ಬರೆದುಕೊಳ್ಳಿ. ಆ ನಂಬರ್ ಇಲ್ಲದ ದೂರು ದೂರೇ ಅಲ್ಲ. ನೆಟ್ ಹುಡುಗನ ಖಾಸಗಿ ವಾಟ್ಸ್‌ಆ್ಯಪ್‌ಗೆ ಹೇಳಿದ್ದು ಬೇಗ ಆಗಬಹುದು, ಆದರೆ ದಾಖಲೆಗೆ ಬರುವುದಿಲ್ಲ. ಹೇಳಿದ ಅವಧಿಯೊಳಗೆ ಸರಿಯಾಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ 2012ರ ನಿಯಮದಂತೆ ಪ್ರತಿ ಕಂಪನಿಯೂ ಇದನ್ನು ಇಟ್ಟಿರಬೇಕು, ಶುಲ್ಕವಿಲ್ಲ. ಟ್ರಾಯ್ ಒಬ್ಬೊಬ್ಬರ ದೂರು ತೆಗೆದುಕೊಳ್ಳುವುದಿಲ್ಲ, ಅಲ್ಲಿಗೆ ಬರೆದು ಕಾಯಬೇಡಿ. ಗ್ರಾಹಕ ಆಯೋಗದ ಬಾಗಿಲು ತೆರೆದಿದೆ. ದೂರಸಂಪರ್ಕ ಸೇವೆಯ ದೂರನ್ನು ಗ್ರಾಹಕ ವೇದಿಕೆಗಳು ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ. ದಿನಗಟ್ಟಲೆ ನೆಟ್ ಇಲ್ಲದಿದ್ದರೆ ಬಿಲ್ಲಿನಲ್ಲಿ ವಿನಾಯಿತಿ ಕೇಳಿ. ಕೇಳದೆ ಅವರಾಗಿ ಕೊಡುವುದು ಅಪರೂಪ.

ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕಿದ್ದಕ್ಕೆ ಕರೆ ಮಾಡಬೇಡಿ. ಬಿಲ್ಲಿನ ಮೇಲೆ ಅಥವಾ ಕಂಪನಿಯ ಆ್ಯಪ್‌ನಲ್ಲಿರುವುದೇ ನಿಜ. 'ನೆಟ್ ಸರಿ ಮಾಡ್ತೀವಿ, ಈ ಆ್ಯಪ್ ಹಾಕ್ಕೊಳ್ಳಿ' ಎಂದು ಎನಿಡೆಸ್ಕ್‌ನಂಥದ್ದನ್ನು ಹಾಕಿಸುವವರು, 'ಹತ್ತು ರೂಪಾಯಿ ಕಳಿಸಿ' ಅನ್ನುವವರು ನೆಟ್ ಕಂಪನಿಯವರಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮನೆ ಕಟ್ಟುತ್ತಿರುವವರಿಗೆ ಒಂದು ಮಾತು; ನಮ್ಮ ಬಡಾವಣೆಯಲ್ಲಿ ಅಂಥವರು ಬೀದಿಗೊಬ್ಬರಿದ್ದಾರೆ. ಸ್ಲ್ಯಾಬ್ ಹಾಕುವ ಮೊದಲೇ ಎಲೆಕ್ಟ್ರಿಷಿಯನ್‌ಗೆ ಹೇಳಿ, ತಾರಸಿಯಿಂದ ಪ್ರತಿ ಮಹಡಿಯ ಹಾಲಿಗೆ ನೆಟ್ ಕೇಬಲ್‌ಗೆಂದೇ ಒಂದು ಇಂಚಿನ ಪೈಪು ಹಾಕಿಸಿ. ಕರೆಂಟ್ ವೈರಿನ ಪೈಪಿನಲ್ಲೇ ತೂರಿಸಲು ಬಿಡಬೇಡಿ, ಮೂಲೆಗಳಲ್ಲಿ ಮೊಂಡು ಎಲ್ಬೋ ಬದಲು ಉದ್ದನೆಯ ಬೆಂಡ್ ಹಾಕಿಸಿ, ಒಳಗೊಂದು ನೈಲಾನ್ ದಾರ ಬಿಟ್ಟಿರಿ. ಮನೆ ಮುಗಿದ ಮೇಲೆ ಗೋಡೆ ಕೊರೆಸುವ, ಕಿಟಕಿ ಸಂದಿಯಲ್ಲಿ ಕೇಬಲ್ ನುಗ್ಗಿಸುವ ಖರ್ಚಿಗೆ ಹೋಲಿಸಿದರೆ ಈ ಪೈಪಿನ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.